ಹಾಡಿನ ಹಕ್ಕು ನಿನ್ನ ಕೈಯಲ್ಲೇ ಇರಲಿ

ಚಿ. ಮೈತ್ರಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರು.

ಷಿಕಾಗೋದಲ್ಲೇ ಇದ್ದು ಬ್ಲೂಸ್ ರಾಕ್ ಗಿಟಾರನ್ನೇ ವೃತ್ತಿ ಮಾಡಿಕೊಳ್ಳುತ್ತೀಯ, ಆಲ್ಬಮ್ ಹೊರತರುವ ಯಾವ ಲೇಬಲ್ ಕಂಪನಿಗೂ ಕಟ್ಟುಬೀಳುವುದಿಲ್ಲ ಅಂತ ನಿರ್ಧರಿಸಿದ್ದೀಯಂತೆ. ನಿನ್ನ ಅಪ್ಪ ಹೇಳಿದ. ಅವನ ದನಿಯಲ್ಲಿ ಅಳುಕಿತ್ತು, ಸಿಟ್ಟಿರಲಿಲ್ಲ. ಬೇಡ ಎನ್ನಲು ನಾನು ಬರೆಯುತ್ತಿಲ್ಲ. ಈ ದಾರಿಯಲ್ಲಿ ಬಹಳ ಜನ ಕೆಡುವುದು ಬೆರಳು ಸರಿಯಿಲ್ಲದೆ ಅಲ್ಲ, ಕಾಗದಪತ್ರ ಸರಿಯಿಲ್ಲದೆ. ನಿನ್ನ ಹಾಡು, ನಿನ್ನ ಧ್ವನಿಮುದ್ರಣ, ನಿನ್ನ ಕೇಳುಗರ ಹೆಸರಿನ ಪಟ್ಟಿ, ಈ ಮೂರೂ ಕೊನೆಯವರೆಗೆ ನಿನ್ನ ಹೆಸರಿನಲ್ಲೇ ಇರಬೇಕು. ಉಳಿದದ್ದನ್ನೆಲ್ಲ ಆಮೇಲೆ ಸರಿಪಡಿಸಿಕೊಳ್ಳಬಹುದು.

ಬ್ಲೂಸ್ ರಾಕ್ ಗಿಟಾರ್ ವಾದಕ ಜೋ ಬೋನಮಾಸ್ಸನ ಹಾದಿ ಹಿಡಿಯುತ್ತೇನೆ ಅಂದೆಯಂತೆ. ಒಳ್ಳೆಯದು, ಆದರೆ ಆ ಹಾದಿಯ ಉದ್ದವನ್ನೊಮ್ಮೆ ನೋಡು. 1977ರಲ್ಲಿ ಹುಟ್ಟಿದವನು, ಗಿಟಾರ್ ಮಾರುವವರ ಮಗ. ಹನ್ನೆರಡನೇ ವಯಸ್ಸಿಗೆ ಬ್ಲೂಸಿನ ದಿಗ್ಗಜ ಬಿ. ಬಿ. ಕಿಂಗ್ ಕಚೇರಿಗೆ ಮುಂಚೆ ವೇದಿಕೆ ಏರಿದ. ಹದಿಹರೆಯದಲ್ಲಿ ಬ್ಲಡ್‌ಲೈನ್ ಎಂಬ ತಂಡದಲ್ಲಿದ್ದ. ಅದಕ್ಕೆ ದೊಡ್ಡ ಕಂಪನಿಯ ಬೆಂಬಲವಿತ್ತು, ಆದರೂ ಉಳಿಯಲಿಲ್ಲ. ಸ್ವಂತ ಹೆಸರಿನ ಮೊದಲ ಆಲ್ಬಮ್ ಬಂದದ್ದು 2000ದಲ್ಲಿ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅತಿಥಿಯಾಗಿ ಬಂದು ಅವನ ಜೊತೆ ನುಡಿಸಿದ್ದು 2009ರ ಮೇ ತಿಂಗಳಲ್ಲಿ. ಬಾಲಪ್ರತಿಭೆ ಎನಿಸಿಕೊಂಡವನಿಗೇ ಇಪ್ಪತ್ತು ವರ್ಷ ಹಿಡಿಯಿತು. ಅವನೂ ಮ್ಯಾನೇಜರ್ ರಾಯ್ ವೈಸ್‌ಮನ್ನರೂ ಸೇರಿ ಜೆ ಅಂಡ್ ಆರ್ ಅಡ್ವೆಂಚರ್ಸ್ ಎಂಬ ಸ್ವಂತ ಕಂಪನಿ ಕಟ್ಟಿದರು. ಆಲ್ಬಮ್ ಹೊರತರುವುದು ಅವರೇ. ಸಂಗೀತ ಕಚೇರಿಗೂ, ಅದನ್ನು ಏರ್ಪಡಿಸುವ ಪ್ರಮೋಟರನ್ನು ಕಾಯದೆ ತಾವೇ ಹಾಲ್ ಬಾಡಿಗೆಗೆ ಹಿಡಿದು, ತಾವೇ ಜಾಹೀರಾತು ಕೊಟ್ಟು, ತಾವೇ ಟಿಕೆಟ್ ಮಾರಿದರು. ಪ್ರಮೋಟರಿಗೆ ಹೋಗುವ ಲಾಭ ಮನೆಗೇ ಬಂತು. ಹಾಲ್ ತುಂಬದಿದ್ದರೆ ನಷ್ಟವೂ ಮನೆಯದೇ. ಈ ಧೈರ್ಯ ಮಾಡುವ ಮೊದಲು, ಯಾವ ಊರಿನಲ್ಲಿ ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ ನಿನ್ನ ಬಳಿ ಇರಬೇಕು. ಆ ಲೆಕ್ಕ ಹೇಗೆ ಕೂಡಿಸುವುದೆಂದು ಮುಂದೆ ಬರೆಯುತ್ತೇನೆ.

ಮೊದಲು ವಾದ್ಯದ ಮಾತು. ನಿನಗೆ ವೇಗ ಇದೆ. ಬ್ಲೂಸಿನಲ್ಲಿ ವೇಗಕ್ಕಿಂತ ಮುಂಚೆ ಬೇಕಾದದ್ದು ಎರಡು: ತಾಳದೊಳಗೆ ಕೂರುವ ರಿದಮ್ ಕೈ, ಮತ್ತು ಶ್ರುತಿಗೆ ಸೇರುವ ಬೆಂಡ್, ಅಂದರೆ ತಂತಿ ಎಳೆದು ಸ್ವರ ಏರಿಸುವುದು. ಚಿಕ್ಕಂದಿನಲ್ಲಿ ಕಲಿತ ಪಾಠ ಇಲ್ಲಿ ಕೈಹಿಡಿಯುತ್ತದೆ. ಮೈನರ್ ಪೆಂಟಟಾನಿಕ್ ಅಂದರೆ ಸ್ವರಗಳ ಮಟ್ಟಿಗೆ ನಮ್ಮ ಶುದ್ಧ ಧನ್ಯಾಸಿ. ಮೇಜರ್ ಪೆಂಟಟಾನಿಕ್ ನಮ್ಮ ಮೋಹನ. ಬ್ಲೂಸ್ ನುಡಿಸುವವರು ಒಂದೇ ಷಡ್ಜದ ಮೇಲೆ ಎರಡನ್ನೂ ಬೆರೆಸುತ್ತಾರೆ. ಆದರೆ ಬ್ಲೂಸಿನ ಜೀವ ಇರುವುದು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವಿನ ಜಾಗದಲ್ಲಿ. ಆ ಸ್ವರ ಗಿಟಾರಿನ ಯಾವ ಫ್ರೆಟ್ಟಿನ (ಮೆಟ್ಟಿನ) ಮೇಲೂ ಇಲ್ಲ, ತಂತಿ ಎಳೆದೇ ಅದನ್ನು ಮುಟ್ಟಬೇಕು. ಕೆಳಗಿನ ಗಾಂಧಾರವನ್ನು ಹಿಡಿದು ಕಾಲು ಸ್ವರ ಮಾತ್ರ ಏರಿಸು. ಪೂರಾ ಏರಿಸಿದರೆ ಅದು ಮೇಜರ್ ಆಗಿ ಹೋಗುತ್ತದೆ, ಏರಿಸದೆ ಬಿಟ್ಟರೆ ಒಣಗಿದ ಹಾಗೆ ಕೇಳುತ್ತದೆ. ಗಮಕ ಗೊತ್ತಿರುವ ಕಿವಿಗೆ ಇದು ಬೇಗ ಹತ್ತುತ್ತದೆ. ಗಿಟಾರ್ ವಾದಕ ಡೆರೆಕ್ ಟ್ರಕ್ಸ್ ಅಂಥವನೇ ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಕಾಲೇಜಿಗೆ ಹೋಗಿ ಹಿಂದೂಸ್ತಾನಿ ಕಲಿತ. ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಅವನ ಸ್ಲೈಡಿನಲ್ಲಿ ಅದು ಕೇಳುತ್ತದೆ.

ಬೆಂಡ್ ತಪ್ಪುವುದು ಎರಡು ಕಾರಣಕ್ಕೆ. ಒಂಟಿ ಬೆರಳಿನಿಂದ ಎಳೆದರೆ ಬಲ ಸಾಲದೆ ಸ್ವರ ಕೆಳಗೇ ನಿಲ್ಲುತ್ತದೆ. ಕಿವಿ ಬಿಟ್ಟು ಕೈಯ ಅಭ್ಯಾಸದಿಂದ ಎಳೆದರೆ ಮೇಲೆ ಜಾರುತ್ತದೆ. ಉಂಗುರದ ಬೆರಳಿನಿಂದ ಎಳೆಯುವಾಗ ನಡುಬೆರಳು, ತೋರುಬೆರಳು ಎರಡನ್ನೂ ಅದರ ಹಿಂದೆ ಅದೇ ತಂತಿಯ ಮೇಲೆ ಆಸರೆಯಾಗಿಡು. ಹೆಬ್ಬೆರಳು ನೆಕ್ಕಿನ ಮೇಲಂಚನ್ನು ಹಿಡಿದಿರಲಿ. ಬೆರಳನ್ನು ದೂಡಬೇಡ, ಬಾಗಿಲ ಹಿಡಿ ತಿರುಗಿಸುವ ಹಾಗೆ ಮಣಿಕಟ್ಟನ್ನು ತಿರುಗಿಸು. ಮೊದಲು ಗುರಿ ಸ್ವರವನ್ನು ಅದರ ಫ್ರೆಟ್ಟಿನಲ್ಲೇ ನುಡಿಸಿ ಕೇಳು, ಆಮೇಲೆ ಎರಡು ಫ್ರೆಟ್ ಕೆಳಗಿನಿಂದ ಎಳೆದು ಅಲ್ಲಿಗೆ ಸೇರು. ಫೋನಿನಲ್ಲಿ ಮುದ್ರಿಸಿ ಮಾರನೇ ದಿನ ಕೇಳು. ನುಡಿಸುವಾಗ ಸರಿ ಅನಿಸಿದ್ದು ಮಾರನೇ ದಿನ ತಪ್ಪಾಗಿ ಕೇಳುವುದುಂಟು. ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ಎಡಗೈಯವನು. ಬಲಗೈ ಗಿಟಾರಿನ ಹಾಗೆ ಕಟ್ಟಿದ ತಂತಿಗಳನ್ನೇ ತಿರುವುಮುರುವಾಗಿ ಹಿಡಿದು ಕೆಳಕ್ಕೆ ಎಳೆಯುತ್ತಿದ್ದ, ಅದಕ್ಕೇ ಆ ಬೆಂಡಿಗೆ ಅಷ್ಟು ತೂಕ. ನೀನು ಅವನ ಸ್ವರಗಳನ್ನು ಕಲಿಯಬಹುದು, ಅದೇ ನಾದ ಬರಲಿಲ್ಲ ಅಂತ ಮಣಿಕಟ್ಟು ಕೆಡಿಸಿಕೊಳ್ಳಬೇಡ.

ಬ್ಲೂಸಿನ ಶಫಲ್ ಎಂಬ ನಡೆ ಅಂದರೆ ನಮ್ಮ ತಿಶ್ರ ನಡೆಯೇ. ತಕಿಟದಲ್ಲಿ ನಡುವಿನ ‘ಕಿ’ ನುಡಿಸದೆ ಬಿಟ್ಟರೆ ಶಫಲ್, ಮೂರನ್ನೂ ನುಡಿಸಿದರೆ ನಿಧಾನದ ಹನ್ನೆರಡು ಎಂಟು (12/8) ತಾಳ. ಮೆಟ್ರೊನೋಮನ್ನು ಎರಡನೇ, ನಾಲ್ಕನೇ ಎಣಿಕೆಗೆ ಮಾತ್ರ ಹೊಡೆಯುವ ಹಾಗಿಟ್ಟು, ದಿನಕ್ಕೆ ಅರ್ಧ ಗಂಟೆ ಬರೀ ರಿದಮ್ ನುಡಿಸು. 12 ಬಾರಿನ ಚೌಕಟ್ಟು ನಿನಗೆ ಗೊತ್ತು (ಬಾರ್ ಅಂದರೆ ನಾಲ್ಕು ಎಣಿಕೆ; ಒನ್, ಫೋರ್, ಫೈವ್ ಅಂದರೆ ಷಡ್ಜ, ಮಧ್ಯಮ, ಪಂಚಮದ ಮೇಲೆ ಕಟ್ಟಿದ ಕಾರ್ಡುಗಳು): ನಾಲ್ಕು ಬಾರ್ ಒನ್, ಎರಡು ಬಾರ್ ಫೋರ್, ಎರಡು ಬಾರ್ ಮತ್ತೆ ಒನ್, ಆಮೇಲೆ ಫೈವ್, ಫೋರ್, ಒನ್, ಮತ್ತೆ ಮೊದಲಿಗೆ ಮರಳಿಸುವ ಟರ್ನ್‌ಅರೌಂಡ್. ಎರಡನೇ ಬಾರಿಗೇ ಫೋರಿಗೆ ಹೋದರೆ ಅದು ಕ್ವಿಕ್ ಚೇಂಜ್. ಯಾವುದೇ ಕೀಯಲ್ಲಿ ಕೇಳಿದರೂ, ಮಾತಾಡುತ್ತಲೇ, ಎಣಿಸದೆ ನುಡಿಸುವ ಮಟ್ಟಕ್ಕೆ ಇದು ಬರಬೇಕು. ಲೀಡಿಗೆ ಫ್ರೆಡಿ ಕಿಂಗ್, ಓಟಿಸ್ ರಶ್, ಮ್ಯಾಜಿಕ್ ಸ್ಯಾಮ್ ಕೇಳು. ರಿದಮ್ಮಿಗೆ ಜಿಮ್ಮಿ ರಾಜರ್ಸ್, ರಾಬರ್ಟ್ ಲಾಕ್‌ವುಡ್ ಜೂನಿಯರ್. ಹಾಡುಗಾರ ಹೌಲಿನ್ ವುಲ್ಫನ ಹಿಂದೆ ಹ್ಯೂಬರ್ಟ್ ಸಮ್ಲಿನ್ ಎಲ್ಲೆಲ್ಲಿ ನುಡಿಸದೆ ಸುಮ್ಮನಿದ್ದಾನೆ ಎಂಬುದನ್ನು ಪೆನ್ಸಿಲ್ ಹಿಡಿದು ಗುರುತು ಹಾಕಿಕೊಂಡು ಕೇಳು.

ಹಾಡು. ಈ ಸಂಗೀತದಲ್ಲಿ ಪೋಸ್ಟರಿನ ಮೇಲೆ ಹೆಸರು ಬರುವುದು ಹೆಚ್ಚಾಗಿ ಹಾಡುವವರದು. ಹಾಡದ ಗಿಟಾರ್ ವಾದಕರಿಗೆ ಹಾಡುಗಾರರೊಬ್ಬರನ್ನು ಸದಾ ಕಟ್ಟಿಕೊಂಡು ಓಡಾಡುವ ಪಾಡು. ನಿನಗೆ ಕಂಠವಿದೆ, ಸಂಕೋಚ ಬಿಡು. ಗಿಟಾರನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಕೊಂಡರೆ ಹಾಡಲೂ ಸುಲಭ, ಬೆಂಡಿಗೂ ಸುಲಭ.

ಷಿಕಾಗೋದಲ್ಲಿರುವುದು ನಿನ್ನ ಭಾಗ್ಯ. ಬಡ್ಡಿ ಗೈ ಅವರ ಲೆಜೆಂಡ್ಸ್, ಕಿಂಗ್ಸ್‌ಟನ್ ಮೈನ್ಸ್, ರೋಸಾಸ್ ಲೌಂಜ್ ಈ ಬ್ಲೂಸ್ ಕ್ಲಬ್ಬುಗಳೆಲ್ಲ ಒಂದೇ ಊರಿನಲ್ಲಿ. ಬಂದವರೂ ವೇದಿಕೆ ಏರಿ ನುಡಿಸುವ ಜ್ಯಾಮ್ ನಡೆಯುವ ರಾತ್ರಿಗಳಲ್ಲಿ ಬೇಗ ಹೋಗಿ ಪಟ್ಟಿಯಲ್ಲಿ ಹೆಸರು ಬರೆಸು. ಗಿಟಾರ್, ಕೇಬಲ್, ಟ್ಯೂನರ್ ನಿನ್ನವೇ ಇರಲಿ. ನಾದ ಬದಲಿಸುವ ಪೆಡಲುಗಳ ಬೋರ್ಡ್ ಒಯ್ಯಬೇಡ. ನಿನಗೆ ಸಿಗುವುದು ಎರಡೋ ಮೂರೋ ಹಾಡು, ಅದರಲ್ಲಿ ಐದು ನಿಮಿಷ ತಂತಿ ಜೋಡಿಸುತ್ತಾ ಕೂತರೆ ಹೌಸ್ ಬ್ಯಾಂಡಿನವರು ಮುಂದಿನ ವಾರ ನೆನಪಿಟ್ಟುಕೊಳ್ಳುತ್ತಾರೆ. ಕರೆ ಚುಟುಕಾಗಿರಲಿ: ‘ಶಫಲ್, ಎ, ಕ್ವಿಕ್ ಚೇಂಜ್, ಫೈವ್‌ನಿಂದ’. ಅಷ್ಟರಲ್ಲಿ ಡ್ರಮ್ಮರಿಗೂ ಬೇಸಿಗೂ ಎಲ್ಲ ತಿಳಿಯುತ್ತದೆ. ಇನ್ನೊಬ್ಬರು ಹಾಡುವಾಗ ವಾಲ್ಯೂಮ್ ಇಳಿಸು, ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಮಾತ್ರ ಉತ್ತರ ಕೊಡು. ಸೋಲೋ ಎರಡು ಆವರ್ತಕ್ಕಿಂತ ಹೆಚ್ಚು ಬೇಡ. ನಿನ್ನ ಹಾಡು ಮುಗಿದ ಕೂಡಲೇ ಚೀಲ ಎತ್ತಿಕೊಂಡು ಹೊರಡಬೇಡ, ಉಳಿದವರನ್ನೂ ಕೇಳು. ಮುಂದೆ ನಿನಗೆ ಕೆಲಸ ಕೊಡುವವರು ಅಲ್ಲೇ ಕೂತಿರುತ್ತಾರೆ. ಒಂದೆರಡು ವರ್ಷ ಹಿರಿಯ ಹಾಡುಗಾರರೊಬ್ಬರ ಹಿಂದೆ ಸೈಡ್‌ಮನ್ ಆಗಿ ದುಡಿದರೆ ಇನ್ನೂ ಒಳ್ಳೆಯದು. ಬಡ್ಡಿ ಗೈ ಕೂಡ ಚೆಸ್ ರೆಕಾರ್ಡ್ಸ್ ಎಂಬ ಕಂಪನಿಯ ಸ್ಟುಡಿಯೋದಲ್ಲಿ ಬೇರೆಯವರ ಹಾಡುಗಳಿಗೆ ಗಿಟಾರ್ ನುಡಿಸಿದವರೇ.

ಸಾಮಾನಿನ ವಿಷಯದಲ್ಲಿ ನಿನ್ನ ಅಪ್ಪನ ಹಣ ಸುರಿಸಬೇಡ. ಕ್ಲಬ್ಬಿಗೆ 15ರಿಂದ 22 ವಾಟಿನ ಟ್ಯೂಬ್ ಆಂಪ್ (ಆಂಪ್ಲಿಫೈಯರ್) ಧಾರಾಳ ಸಾಕು. ಫೆಂಡರ್ ಡಿಲಕ್ಸ್ ರಿವರ್ಬ್ ಇರುವುದು 22 ವಾಟ್, 12 ಇಂಚಿನ ಒಂದು ಸ್ಪೀಕರ್. ಅದರ ಮುಂದೆ ಮೈಕ್ ಇಟ್ಟರೆ ಮುನ್ನೂರು ಜನರ ಹಾಲೂ ತುಂಬುತ್ತದೆ. ದೊಡ್ಡ ಆಂಪ್ ತಂದರೆ ಅದಕ್ಕೆ ನಾದ ಬರುವ ಮಟ್ಟಕ್ಕೆ ಏರಿಸಲು ಯಾವ ಕ್ಲಬ್ಬೂ ಬಿಡುವುದಿಲ್ಲ, ತಗ್ಗಿಸಿದರೆ ನಾದ ಸತ್ತು ಹೋಗುತ್ತದೆ. ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ ತರದ ಪೆಡಲ್: ಡ್ರೈವ್ ಕಡಿಮೆ, ಲೆವೆಲ್ ಹೆಚ್ಚು. ಪೆಡಲೇ ಒಡೆದು ಕೂಗಬಾರದು, ಆಂಪಿನ ಟ್ಯೂಬನ್ನು ಅದು ದೂಡಬೇಕು. ತಂತಿಯ ದಪ್ಪ 10-46 (ಇಂಚಿನ ಸಾವಿರದ ಪಾಲಿನಲ್ಲಿ) ಇರಲಿ. ಸ್ಟೀವಿ ರೇ ವಾನ್ 13ರ ತಂತಿ ಹಾಕುತ್ತಿದ್ದ ಅಂತ ನೀನೂ ಹಾಕಬೇಡ. ಅವನು ಅರ್ಧ ಸ್ವರ ಇಳಿಸಿರುತ್ತಿದ್ದ, ಅವನ ಕೈಯೂ ಬೇರೆ. ಹೊಸ ತಂತಿಯನ್ನು ಗಿಗ್ಗಿನ (ಕಚೇರಿಯ) ಹಿಂದಿನ ದಿನ ಹಾಕಿ ಚೆನ್ನಾಗಿ ಎಳೆದು ಕೂರಿಸು. ಅದೇ ಸಂಜೆ ಹಾಕಿದರೆ ಮೊದಲ ಮೂರು ಹಾಡಿನಲ್ಲಿ ಶ್ರುತಿ ಇಳಿಯುತ್ತಲೇ ಇರುತ್ತದೆ.

ಚೀಲದಲ್ಲಿ ಸದಾ ಇರಬೇಕಾದದ್ದು: ಎರಡು ಸೆಟ್ ತಂತಿ, ಒಂದು ಜೋಡಿ 6ವಿ6 ಪವರ್ ಟ್ಯೂಬ್, ಒಂದು 12ಎಎಕ್ಸ್7 ಟ್ಯೂಬ್, ಆಂಪಿನ ಹಿಂದೆ ಬರೆದಷ್ಟೇ ಆಂಪಿಯರಿನ ನಾಲ್ಕು ಫ್ಯೂಸು, ಎರಡು ಕೇಬಲ್, ಟಾರ್ಚು. ಎರಡನೇ ಗಿಟಾರ್ ವೇದಿಕೆಯ ಮೇಲೆಯೇ, ಶ್ರುತಿ ಮಾಡಿ ಇಟ್ಟಿರಬೇಕು. ಫ್ಯೂಸ್ ಹೋದರೆ ಒಮ್ಮೆ ಬದಲಿಸು. ಮತ್ತೆ ಹೋದರೆ ಪವರ್ ಟ್ಯೂಬ್ ಅಥವಾ ರೆಕ್ಟಿಫೈಯರ್ ಕೆಟ್ಟಿದೆ ಅಂತಲೇ ಮೊದಲು ಅನುಮಾನಿಸು. ದೊಡ್ಡ ಫ್ಯೂಸ್ ಹಾಕಿ ನಡೆಸಿದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪನ್ನು ಎಂದೂ ನುಡಿಸಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಸದ್ದು ನಿಂತುಹೋದರೆ ಗಾಬರಿಯಾಗದೆ ಗಿಟಾರನ್ನು ನೇರ ಆಂಪಿಗೆ ಚುಚ್ಚು. ಸದ್ದು ಬಂತೋ, ದೋಷ ಬೋರ್ಡಿನಲ್ಲಿದೆ, ಸಾಮಾನ್ಯವಾಗಿ ಪೆಡಲಿನಿಂದ ಪೆಡಲಿಗೆ ಹೋಗುವ ಗಿಡ್ಡ ಕೇಬಲ್ಲಿನಲ್ಲಿ. ಆ ಹಾಡನ್ನು ಪೆಡಲ್ ಇಲ್ಲದೆ ಮುಗಿಸು, ಹುಡುಕುವುದು ಬ್ರೇಕಿನಲ್ಲಿ.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಬೇಡಿಕೊಳ್ಳುತ್ತೇನೆ. ಗುಂಯ್‌ಗುಡುತ್ತದೆ ಅಂತ ಪ್ಲಗ್ಗಿನ ಅರ್ಥ್ ಕಡ್ಡಿ ಕತ್ತರಿಸುವವರು, ಅದನ್ನು ತಪ್ಪಿಸುವ ಅಡಾಪ್ಟರ್ ಹಾಕುವವರು ಇವತ್ತಿಗೂ ಇದ್ದಾರೆ. ಸ್ಟೋನ್ ದ ಕ್ರೋಸ್ ಎಂಬ ಬ್ಲೂಸ್ ರಾಕ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ, ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡ. ಆಂಪ್ ಒಂದು ಸಾಲಿನಿಂದ, ಸಭೆಗೆ ಕೇಳಿಸುವ ಸೌಂಡ್ ಸಿಸ್ಟಮ್ (ಪಿಎ) ಇನ್ನೊಂದು ಸಾಲಿನಿಂದ ಕರೆಂಟ್ ಪಡೆದಾಗ ಅಪಾಯ ಹೆಚ್ಚು. ಹತ್ತು ಡಾಲರಿನ ಸಾಕೆಟ್ ಟೆಸ್ಟರ್ ಕೊಂಡು, ಎಲ್ಲ ಕ್ಲಬ್ಬಿನಲ್ಲೂ ಮೊದಲು ಅದನ್ನು ಚುಚ್ಚಿ ನೋಡು. ಮೈಕಿಗೆ ತುಟಿ ತಾಗಿಸುವ ಮುಂಚೆ ಗಿಟಾರಿನ ತಂತಿಯನ್ನು ಅದಕ್ಕೆ ತಾಗಿಸಿ ನೋಡು. ಕಿಡಿ ಹಾರಿದರೆ ನುಡಿಸಬೇಡ, ಕ್ಲಬ್ಬಿನವರು ಏನೇ ಹೇಳಲಿ. ಊರಿಗೆ ಬಂದು ಬೆಂಗಳೂರಿನಲ್ಲೋ, ಮುಂಬೈಯಲ್ಲಿ 2011ರಲ್ಲಿ ಶುರುವಾದ ಮಹೀಂದ್ರಾ ಬ್ಲೂಸ್ ಉತ್ಸವದಂಥ ವೇದಿಕೆಯಲ್ಲೋ ನುಡಿಸುವ ಯೋಗ ಬಂದರೆ, ಅಮೆರಿಕದ 120 ವೋಲ್ಟಿನ ಆಂಪನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಬೇಡ. ಅಲ್ಲಿಯೇ ಬಾಡಿಗೆಗೆ ತೆಗೆದುಕೊ.

ಕಿವಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಆದರೆ ಬರೀ ಹದಿನೈದು ನಿಮಿಷ. ಡ್ರಮ್ಮಿನ ತಾಳಗಳ ಪಕ್ಕ ನಿಂತರೆ ಅಷ್ಟು ಸದ್ದು ಆಗಿಯೇ ಆಗುತ್ತದೆ. ಸಂಗೀತಗಾರರಿಗೆಂದೇ ಇರುವ, ಎಲ್ಲ ಸ್ವರಗಳನ್ನೂ ಒಂದೇ ಸಮ ತಗ್ಗಿಸುವ ಇಯರ್‌ಪ್ಲಗ್ಗನ್ನು ಅಳತೆ ಕೊಟ್ಟು ಮಾಡಿಸಿಕೊ. ಹೊಸ ಪೆಡಲಿಗಿಂತ ಮೊದಲು ಇದು.

ಇನ್ನು ದುಡ್ಡು. ಕ್ಲಬ್ಬಿನ ಒಪ್ಪಂದದಲ್ಲಿ ಕೇಳಬೇಕಾದದ್ದು ‘ಇಷ್ಟು ಖಾತರಿ, ಅಥವಾ ಬಾಗಿಲ ಹಣದ (ಟಿಕೆಟ್ ಹಣದ) ಇಷ್ಟು ಪಾಲು, ಯಾವುದು ಹೆಚ್ಚೋ ಅದು’. 600 ಡಾಲರ್ ಖಾತರಿ, ಇಲ್ಲವೇ ನೂರಕ್ಕೆ 70 ಪಾಲು ಅಂತಿಟ್ಟುಕೊ. 15 ಡಾಲರಿನ ಟಿಕೆಟ್ಟಿಗೆ 90 ಜನ ಬಂದರೆ 1,350. ಅದರ 70 ಪಾಲು 945. ಬೇಸ್, ಡ್ರಮ್ಮಿನವರಿಗೆ ತಲಾ 175, ಪೆಟ್ರೋಲಿಗೆ 60, ರೂಮಿಗೆ 120, ಊಟಕ್ಕೆ 55 ಕೊಟ್ಟರೆ ನಿನಗೆ ಉಳಿಯುವುದು 360. ಬರೀ 40 ಜನ ಬಂದರೆ? ಪಾಲು 420 ಆಗುತ್ತದೆ, ಖಾತರಿಯ 600 ಕೈಗೆ ಬರುತ್ತದೆ, ಖರ್ಚು ಕಳೆದು ಉಳಿಯುವುದು 15 ಡಾಲರ್. ಖಾತರಿ ಇಲ್ಲದ ಒಪ್ಪಂದವಾಗಿದ್ದರೆ ಕೈಯಿಂದ 165 ಹೋಗುತ್ತಿತ್ತು. ಜೊತೆಯವರ ಹಣ ಯಾವತ್ತೂ ಮೊದಲು, ಆ ರಾತ್ರಿಯೇ. ‘ಮುಂದಿನ ಗಿಗ್ಗಿಗೆ ಸೇರಿಸಿ ಕೊಡುತ್ತೇನೆ’ ಅಂದ ಬ್ಯಾಂಡ್‌ಲೀಡರಿಗೆ ಒಳ್ಳೆಯ ಡ್ರಮ್ಮರ್ ಮತ್ತೆ ಸಿಗುವುದಿಲ್ಲ.

ಈ 15 ಡಾಲರಿನ ರಾತ್ರಿಯನ್ನು ಬದುಕಿಸುವುದು ಬಾಗಿಲ ಬಳಿಯ ಮೇಜು. 9 ಡಾಲರಿಗೆ ಅಚ್ಚಾದ ಟಿ ಶರ್ಟನ್ನು 25ಕ್ಕೆ ಮಾರಿದರೆ, ಹನ್ನೆರಡು ಹೋದರೆ 192 ಉಳಿಯುತ್ತದೆ. ಬ್ಲೂಸ್ ಕೇಳುಗರು ಇವತ್ತಿಗೂ ಸಿಡಿ ಕೊಳ್ಳುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ. ಕೊನೆಯ ಹಾಡು ಮುಗಿದ ಐದು ನಿಮಿಷದೊಳಗೆ ನೀನೇ ಆ ಮೇಜಿನ ಹಿಂದೆ ನಿಂತಿರಬೇಕು. ಅದೇ ಮೇಜಿನ ಮೇಲೆ ಒಂದು ಹಾಳೆ: ಇಮೇಲ್, ಪಿನ್ ಕೋಡ್, ಅಷ್ಟೇ. ನಾನು ಮೊದಲು ಹೇಳಿದ ಪಟ್ಟಿ ಇದೇ. ಸೋಷಿಯಲ್ ಮೀಡಿಯಾದಲ್ಲಿ ಎಷ್ಟು ಸಾವಿರ ಜನ ಹಿಂಬಾಲಿಸಿದರೂ ನಿನ್ನ ಮಾತು ಅವರಲ್ಲಿ ಯಾರಿಗೆ ತಲುಪಬೇಕು ಎಂಬುದು ಆ ಕಂಪನಿಯ ಕೈಯಲ್ಲಿದೆ. ಇಮೇಲ್ ಪಟ್ಟಿ ನಿನ್ನದು. ಮಿಲ್ವಾಕಿಯಲ್ಲಿ 140 ಹೆಸರು, ಸೇಂಟ್ ಲೂಯಿಸಿನಲ್ಲಿ 30 ಅಂತ ಗೊತ್ತಿದ್ದರೆ ಯಾವ ಊರಿನಲ್ಲಿ ಎಷ್ಟು ದೊಡ್ಡ ಜಾಗ ಕೇಳಬೇಕೆಂದು ತಾನಾಗಿ ತಿಳಿಯುತ್ತದೆ. ಬೋನಮಾಸ್ಸನ ಹಾಗೆ ಹಾಲ್ ಬಾಡಿಗೆ ಹಿಡಿಯುವ ಧೈರ್ಯವೂ ಇಂಥ ಲೆಕ್ಕದಿಂದಲೇ ಬರುವುದು. ಪ್ರವಾಸ ಜೋಡಿಸುವಾಗ ಶುಕ್ರವಾರ, ಶನಿವಾರ ಖಾತರಿ ಇರುವ ಗಿಗ್ ಮೊದಲು ಗಟ್ಟಿ ಮಾಡಿ, ನಡುವಿನ ದಿನಗಳನ್ನು ದಾರಿಯ ಊರುಗಳಿಂದ ತುಂಬು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಗಾಡಿ ಓಡಿಸಬೇಡ. ರಾತ್ರಿ ಗಿಗ್ ಮುಗಿಸಿ ಹೊರಡುವುದಂತೂ ಬೇಡವೇ ಬೇಡ.

ಈಗ ಹಕ್ಕಿನ ವಿಷಯ, ಇದನ್ನು ಎರಡು ಸಲ ಓದು. ನಿನ್ನ ಊರಿನ ಸೌತ್ ಮಿಷಿಗನ್ ಅವೆನ್ಯೂದಲ್ಲಿ 2120ನೇ ನಂಬರಿನ ಕಟ್ಟಡ ಇದೆಯಲ್ಲ, ಚೆಸ್ ರೆಕಾರ್ಡ್ಸ್ ಇದ್ದ ಜಾಗ, ಅಲ್ಲಿಗೊಮ್ಮೆ ಹೋಗಿ ಬಾ. ಈಗ ಅಲ್ಲಿರುವುದು ವಿಲ್ಲಿ ಡಿಕ್ಸನ್ ಹೆಸರಿನ ಬ್ಲೂಸ್ ಹೆವನ್ ಪ್ರತಿಷ್ಠಾನ. ಡಿಕ್ಸನ್, ಮಡ್ಡಿ ವಾಟರ್ಸ್ ಅಂಥವರು ಬರೆದ ಹಾಡುಗಳ ಪ್ರಕಾಶನ ಹಕ್ಕು ಆರ್ಕ್ ಮ್ಯೂಸಿಕ್ ಎಂಬ ಕಂಪನಿಯ ಕೈಯಲ್ಲಿತ್ತು. 1970ರ ದಶಕದಲ್ಲಿ ಕೋರ್ಟಿಗೆ ಹೋಗಿಯೇ ಅವರು ತಮ್ಮದನ್ನು ಬಿಡಿಸಿಕೊಳ್ಳಬೇಕಾಯಿತು. ಲೆಡ್ ಜೆಪ್ಲಿನ್ ತಂಡ ಡಿಕ್ಸನ್ನರ ಸಾಲುಗಳನ್ನು ಹೆಸರಿಲ್ಲದೆ ಬಳಸಿದ್ದಕ್ಕೂ ಅವರು ದಾವೆ ಹೂಡಬೇಕಾಯಿತು. ಅದು 1987ರಲ್ಲಿ ರಾಜಿಯಾಯಿತು. ಈ ಸಂಗೀತವನ್ನು ಹುಟ್ಟಿಸಿದವರು ಇಷ್ಟು ಕಳೆದುಕೊಂಡಿದ್ದಾರೆ. ಅವರ ಹಾಡನ್ನು ನುಡಿಸುವಾಗ ಅವರ ಹೆಸರು ಹೇಳುವುದು, ಅವರಿಗೆ ಸಲ್ಲುವುದನ್ನು ಸಲ್ಲಿಸುವುದು ನಿನ್ನ ಕರ್ತವ್ಯ. ‘ಸಾಂಪ್ರದಾಯಿಕ’ ಅಂತ ಬರೆದು ಕೈತೊಳೆದುಕೊಳ್ಳಬೇಡ. ಹಳೆಯ ಹಾಡೆಂದ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ.

ಒಂದು ಧ್ವನಿಮುದ್ರಣದಲ್ಲಿ ಎರಡು ಹಕ್ಕು ಇರುತ್ತವೆ. ಹಾಡಿನ ರಚನೆಯದು ಒಂದು, ಮುದ್ರಣದ್ದು ಇನ್ನೊಂದು. ನಿನ್ನ ಹಾಡನ್ನು ನೀನೇ ಮುದ್ರಿಸಿದರೆ ಎರಡೂ ನಿನ್ನವು, ಆದರೆ ಹಣ ಬೇರೆ ಬೇರೆ ಬಾಗಿಲಿನಿಂದ ಬರುತ್ತದೆ. ರಚನೆ ಸಾರ್ವಜನಿಕವಾಗಿ ಕೇಳಿಸಿದ್ದಕ್ಕೆ ಹಣ ವಸೂಲು ಮಾಡಿಕೊಡುವ ಸಂಸ್ಥೆಗಳು ಆಸ್ಕ್ಯಾಪ್ ಅಥವಾ ಬಿಎಂಐ, ಎರಡರಲ್ಲಿ ಒಂದಕ್ಕೆ ಮಾತ್ರ ಸೇರಬೇಕು. ಸ್ಪಾಟಿಫೈಯಂಥ ಕಡೆ ಸ್ಟ್ರೀಮ್ ಆದ ರಚನೆಯ ಮೆಕ್ಯಾನಿಕಲ್ ಹಣಕ್ಕೆ (ರಚನೆಯನ್ನು ಪ್ರತಿ ಮಾಡಿದ್ದಕ್ಕೆ ಸಲ್ಲುವ ಹಣಕ್ಕೆ) ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್, 2021ರಲ್ಲಿ ಕೆಲಸ ಶುರು ಮಾಡಿದ ಸಂಸ್ಥೆ. ಸ್ಯಾಟಲೈಟ್ ರೇಡಿಯೋ, ಇಂಟರ್ನೆಟ್ ರೇಡಿಯೋದಲ್ಲಿ ಮುದ್ರಣ ಬಂದದ್ದಕ್ಕೆ ಸೌಂಡ್‌ಎಕ್ಸ್‌ಚೇಂಜ್. ಅಲ್ಲಿ 50 ಪಾಲು ಮುದ್ರಣದ ಒಡೆಯರಿಗೆ, 45 ಪಾಲು ಮುಖ್ಯ ಕಲಾವಿದರಿಗೆ, 5 ಪಾಲು ಪಕ್ಕವಾದ್ಯದವರ ನಿಧಿಗೆ. ನೀನು ಒಡತಿಯಾಗಿಯೂ ಕಲಾವಿದೆಯಾಗಿಯೂ ಎರಡು ಸಲ ಹೆಸರು ನೋಂದಾಯಿಸಬೇಕು. ಒಂದನ್ನು ಮರೆತವರು ಬಹಳ ಜನ. ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ತಂದುಕೊಡುವುದು ಸ್ಟ್ರೀಮ್ ಮತ್ತು ಮಾರಾಟದಲ್ಲಿ ಮುದ್ರಣದ ಪಾಲನ್ನು ಮಾತ್ರ, ಉಳಿದದ್ದನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ ಅಂದುಕೊಳ್ಳಬೇಡ. ಇನ್ನೊಂದು ಗೊತ್ತಿರಲಿ: ಅಮೆರಿಕದ ಮಾಮೂಲು ಎಎಂ, ಎಫ್‌ಎಂ ರೇಡಿಯೋ ಹಣ ಕೊಡುವುದು ರಚನಕಾರರಿಗೆ ಮಾತ್ರ, ನುಡಿಸಿದವರಿಗೆ ಇಲ್ಲ. ಸ್ವಂತ ಹಾಡು ಬರೆ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಕ್ಲಬ್ಬಿನಲ್ಲಿ ಸ್ವಂತ ಹಾಡು ಹಾಡಿದ ಸೆಟ್ ಲಿಸ್ಟನ್ನೂ ನಿನ್ನ ಸಂಸ್ಥೆಗೆ ಕಳಿಸಬಹುದು, ಅದಕ್ಕೂ ಹಣ ಬರುತ್ತದೆ.

ಬೇರೆಯವರ ಹಾಡನ್ನು ಸಿಡಿಯಲ್ಲಿ ಹಾಕುವುದಾದರೆ ಮೆಕ್ಯಾನಿಕಲ್ ಲೈಸೆನ್ಸ್ ತೆಗೆದುಕೊಳ್ಳಬೇಕು. ಐದು ನಿಮಿಷದೊಳಗಿನ ಹಾಡಿಗೆ 2024ರಲ್ಲಿ ಪ್ರತಿಗೆ 12.4 ಸೆಂಟ್ ಇತ್ತು, ಈ ದರ ವರ್ಷವರ್ಷ ಬದಲಾಗುತ್ತದೆ. ವಿಡಿಯೋ ಮಾಡಿ ಹಾಕಲು ಈ ಲೈಸೆನ್ಸ್ ಸಾಲದು, ಅದಕ್ಕೆ ಬೇರೆ ಅನುಮತಿ ಬೇಕು.

ಹಾಡು ಬರೆದ ದಿನವೇ, ಆ ಕೋಣೆಯಲ್ಲಿದ್ದವರೆಲ್ಲ ಸೇರಿ ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಸ್ಪ್ಲಿಟ್ ಶೀಟ್ ಅನ್ನುವುದು ಇದಕ್ಕೇ. ಹಾಡು ಹಣ ತರತೊಡಗಿದ ಮೇಲೆ ಈ ಮಾತು ಎತ್ತಿದರೆ ಸ್ನೇಹವೂ ಹೋಗುತ್ತದೆ, ಹಾಡೂ ಸಿಕ್ಕಿಬೀಳುತ್ತದೆ. ಸ್ಟುಡಿಯೋಗೆ ಸಂಬಳಕ್ಕೆ ಬಂದ ಕೀಬೋರ್ಡಿನವರಿಂದಲೂ ‘ಇಷ್ಟು ಹಣ ಪಡೆದಿದ್ದೇನೆ, ಮುದ್ರಣದ ಹಕ್ಕು ಇವರದು’ ಎಂಬ ಸಹಿ ಬೇಕು. ಆಲ್ಬಮ್ ಬಿಡುಗಡೆಯಾದ ಮೂರು ತಿಂಗಳೊಳಗೆ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸು. ಒಂದೇ ಅರ್ಜಿಯಲ್ಲಿ ಇಡೀ ಆಲ್ಬಮ್ಮಿನ 20 ಹಾಡಿನವರೆಗೆ ಹಾಕುವ ಸೌಲಭ್ಯ ಇದೆ. ತಡವಾದರೆ, ಮೊದಲೇ ಯಾರಾದರೂ ಕದ್ದಿದ್ದರೆ, ಕಾನೂನು ಗೊತ್ತುಮಾಡಿದ ಪರಿಹಾರ ಮತ್ತು ವಕೀಲರ ಖರ್ಚು ಕೇಳುವ ದಾರಿ ಮುಚ್ಚುತ್ತದೆ.

ಮುಂದೆ ಯಾವುದಾದರೂ ಲೇಬಲ್ ತಾನಾಗಿ ಕೇಳಿಕೊಂಡು ಬರಬಹುದು. ಬಂದವರನ್ನೆಲ್ಲ ಓಡಿಸು ಅನ್ನುವುದಿಲ್ಲ. ನಿನ್ನ ಊರಿನ ಆಲಿಗೇಟರ್ 1971ರಿಂದ ಬ್ಲೂಸನ್ನೇ ನೆಚ್ಚಿಕೊಂಡು ನಡೆದಿದೆ, ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲಿನ ಹುಡುಗ ಕಿಂಗ್‌ಫಿಷ್ ಇಂಗ್ರಾಮನ ಆಲ್ಬಮ್ ತಂದದ್ದೂ ಅದೇ. ಆದರೆ ಕಾಗದದಲ್ಲಿ ಒಂದನ್ನು ನೋಡು: ಅವರು ಮುದ್ರಣವನ್ನು ಐದೋ ಏಳೋ ವರ್ಷಕ್ಕೆ ಲೈಸೆನ್ಸ್ ಕೇಳುತ್ತಿದ್ದಾರೋ, ಶಾಶ್ವತವಾಗಿ ಬರೆಸಿಕೊಳ್ಳುತ್ತಿದ್ದಾರೋ. ಲೈಸೆನ್ಸ್ ಆದರೆ ಕೂತು ಮಾತಾಡಬಹುದು. ಬರೆದುಕೊಟ್ಟದ್ದನ್ನು ವಾಪಸ್ ಕೇಳುವ ಹಕ್ಕು ಅಮೆರಿಕದ ಕಾನೂನಿನಲ್ಲಿ ಸಾಮಾನ್ಯವಾಗಿ 35 ವರ್ಷ ಕಳೆದ ಮೇಲೆ. ಆಗ ನಿನಗೆ ಅರವತ್ತರ ಹತ್ತಿರ. ಟಿ ಶರ್ಟಿನಂಥ ಮಾರಾಟದ, ಗಿಗ್ಗಿನ ಹಣದಲ್ಲೂ ಪಾಲು ಕೇಳುವ ಒಪ್ಪಂದಕ್ಕೆ, ಆ ಕೆಲಸಗಳಲ್ಲಿ ಅವರು ಏನು ಮಾಡಿಕೊಡುತ್ತಾರೆಂದು ಬರೆದು ಕೊಡದ ಹೊರತು, ಒಪ್ಪಬೇಡ.

ಧ್ವನಿಮುದ್ರಣಕ್ಕೆ ಉದ್ದ ಬೇಡ. ಹತ್ತು ಹಾಡನ್ನು ಗಿಗ್ಗಿನಲ್ಲಿ ಹದ ಮಾಡಿಕೊಂಡು, ಒಂದೇ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿ ಎರಡು ಮೂರು ದಿನದಲ್ಲಿ ಮುಗಿಸು. ಡ್ರಮ್ಮಿನ ಸದ್ದು ಗಿಟಾರಿನ ಮೈಕಿಗೆ ನುಗ್ಗಿದರೆ ಚಿಂತೆಯಿಲ್ಲ, ಈ ಸಂಗೀತಕ್ಕೆ ಅದು ಒಪ್ಪುತ್ತದೆ. ಹಾಡನ್ನು ಮಾತ್ರ ಬೇರೆಯಾಗಿ ಮತ್ತೆ ಹಾಡುವ ಹಾಗೆ ವ್ಯವಸ್ಥೆ ಇರಲಿ. ಮುಗಿದ ದಿನವೇ ಎಲ್ಲ ಟ್ರ್ಯಾಕುಗಳ ಪ್ರತಿಯನ್ನು ನಿನ್ನ ಎರಡು ಡ್ರೈವಿಗೆ ಹಾಕಿಸಿಕೊಂಡು ಬಾ. ಬಿಡುಗಡೆಗೆ ಆರು ವಾರ ಮೊದಲು ಡಿಸ್ಟ್ರಿಬ್ಯೂಟರಿಗೆ ಕಳಿಸು. ಸ್ಪಾಟಿಫೈ ಸಂಪಾದಕರಿಗೆ ಹಾಡನ್ನು ಸೂಚಿಸಲು ಕಡೇಪಕ್ಷ ಏಳು ದಿನ ಮುಂಚೆ ಆಗಬೇಕು. ಸ್ಟ್ರೀಮಿನ ಹಣ ನಂಬಿಕೊಂಡು ಬಾಡಿಗೆ ಕಟ್ಟಲಾಗದು. 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸದ ಹಾಡಿಗೆ ಅಲ್ಲಿ ಮುದ್ರಣದ ಹಣವೇ ಇಲ್ಲ. ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ತಾಣ ಡಿಜಿಟಲ್ ಮಾರಾಟದಲ್ಲಿ 15 ಪಾಲು ಇಟ್ಟುಕೊಂಡು ಉಳಿದದ್ದನ್ನು ಕೊಡುತ್ತದೆ, ಪಾವತಿ ಶುಲ್ಕ ಬೇರೆ. ಕೊಂಡವರ ಇಮೇಲೂ ನಿನಗೆ ಸಿಗುತ್ತದೆ. ಸಾರ್ವಜನಿಕ ರೇಡಿಯೋಗಳಲ್ಲಿ ವಾರಕ್ಕೊಮ್ಮೆ ಬ್ಲೂಸ್ ಕಾರ್ಯಕ್ರಮ ನಡೆಸುವವರು ಪ್ರೀತಿಯಿಂದಲೇ ಮಾಡುವವರು, ಅವರಿಗೆ ಸಿಡಿಯ ಜೊತೆ ಕೈಬರಹದ ನಾಲ್ಕು ಸಾಲು ಬರೆದು ಕಳಿಸು.

ಮೆಂಫಿಸ್ಸಿನಲ್ಲಿ ಬ್ಲೂಸ್ ಫೌಂಡೇಶನ್ ನಡೆಸುವ ಅಂತರರಾಷ್ಟ್ರೀಯ ಸ್ಪರ್ಧೆಗೆ ಊರಿನ ಬ್ಲೂಸ್ ಸೊಸೈಟಿಯ ಮೂಲಕವೇ ಹೋಗಬೇಕು. ಗೆಲ್ಲಲಿ ಬಿಡಲಿ, ಉತ್ಸವ ನಡೆಸುವವರೆಲ್ಲ ಅಲ್ಲಿಗೆ ಬಂದಿರುತ್ತಾರೆ. ಮೊದಲು ಸೊಸೈಟಿಯ ಸದಸ್ಯಳಾಗು, ಅವರ ಕಾರ್ಯಕ್ರಮಗಳಿಗೆ ಕುರ್ಚಿ ಹಾಕುವುದರಿಂದ ಶುರುಮಾಡು.

ತೆರಿಗೆ, ಆಸ್ಪತ್ರೆ. ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದರ ಕಾಲು ಭಾಗವನ್ನು ಆ ದಿನವೇ ಬೇರೆ ಖಾತೆಗೆ ಹಾಕು. ಸ್ವಂತ ದುಡಿಮೆಯವರಿಗೆ ಆದಾಯ ತೆರಿಗೆಯ ಜೊತೆಗೆ 15.3 ಪಾಲಿನ ಇನ್ನೊಂದು ತೆರಿಗೆ ಇದೆ, ಕಟ್ಟುವುದು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯ 15ರಂದು. ಗಾಡಿ ಓಡಿದ ಮೈಲಿ, ತಂತಿ, ರೂಮಿನ ರಸೀದಿ ಎಲ್ಲ ಅಂದಂದೇ ಬರೆದಿಡು. ನಿನಗೀಗ 24. ಅಪ್ಪನ ವಿಮೆಯಲ್ಲಿ 26ರವರೆಗೆ ಇರಬಹುದು, ಸಂಕೋಚಪಟ್ಟು ಅದನ್ನು ಬಿಡಬೇಡ. ಕಷ್ಟ ಬಂದಾಗ ಬ್ಲೂಸ್ ಸಂಗೀತಗಾರರ ವೈದ್ಯಕೀಯ ಖರ್ಚಿಗೆ ಬ್ಲೂಸ್ ಫೌಂಡೇಶನ್ನಿನ ಹಾರ್ಟ್ ನಿಧಿ ಇದೆ ಎಂಬುದೂ ನೆನಪಿರಲಿ.

ಈಗಿನ ಕೆಲಸವನ್ನು ಈ ವರ್ಷವೇ ಬಿಡಬೇಡ. ಎಂಟು ತಿಂಗಳ ಖರ್ಚು ಬ್ಯಾಂಕಿನಲ್ಲಿ, ಸತತ ಆರು ತಿಂಗಳು ತಿಂಗಳಿಗೆ ಹಣ ಬರುವ ಎಂಟು ಗಿಗ್, ವಾರಕ್ಕೆ ಹತ್ತು ಜನ ಶಿಷ್ಯರು. ಈ ಮೂರೂ ಆದಾಗ ಬಿಡು. ಜನವರಿ, ಫೆಬ್ರವರಿಯ ಹಿಮದಲ್ಲಿ ಗಿಗ್ ಇಳಿಯುತ್ತವೆ, ಆಗ ಬಾಡಿಗೆ ಕಟ್ಟುವುದು ಆ ಶಿಷ್ಯರ ಹಣ. ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಕರೆದರೆ ಹೋಗಿ ನುಡಿಸು, ನಮ್ಮವರು. ಬಿಟ್ಟಿಯಾಗಿ ನುಡಿಸಿದರೂ ಸೌಂಡ್ ಸಿಸ್ಟಮ್ಮಿನ ಬಾಡಿಗೆ ಮಾತ್ರ ಅವರೇ ಕೊಡಲಿ.

ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಅವನಿಗೆ ಬೇಕಾಗಿರುವುದು ಲೆಕ್ಕ. ತಿಂಗಳ ಕೊನೆಗೆ ಗಿಗ್ ಎಷ್ಟು, ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಒಂದು ಹಾಳೆ ಅವನಿಗೂ ಕಳಿಸು. ಯಾವುದೇ ಒಪ್ಪಂದ ಬಂದರೂ ಸಹಿಗೆ ಮುಂಚೆ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಹಾಕು. ನಾನು ಓದಿ ಗುರುತು ಹಾಕಿ ಕೊಡುತ್ತೇನೆ, ಆಮೇಲೆ ಸಂಗೀತದ ಒಪ್ಪಂದ ಗೊತ್ತಿರುವ ವಕೀಲರೊಬ್ಬರಿಗೆ ಒಂದು ಗಂಟೆಯ ಫೀಸು ಕೊಟ್ಟು ತೋರಿಸೋಣ. ಆ ಫೀಸು ನನ್ನದು.

ಇತಿ,
ನಿನ್ನ ದೊಡ್ಡಪ್ಪ